ದಾವಣಗೆರೆ ಬಿಸಿಲಲ್ಲಿ ನಾಯಿ ಸಾಕಣೆ: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಬಿಡಬಹುದು

ಪೆಟ್ ಶಾಪಿನ ಶೆಲ್ಫು ಈಗ ಮೊದಲಿನ ಹಾಗಿಲ್ಲ. ಧಾನ್ಯವಿಲ್ಲದ ಆಹಾರ, ಪ್ರೊಬಯಾಟಿಕ್ ಪುಡಿ, ಜೆಲ್ ತುಂಬಿದ ತಂಪು ಹಾಸಿಗೆ, ಜಿಪಿಎಸ್ ಬೆಲ್ಟು, ಮೂರು ತಿಂಗಳಿಗೊಂದು ಉಣ್ಣೆ ಮಾತ್ರೆ, ಜೊತೆಗೆ ಮೊಬೈಲಿನಲ್ಲಿ ವಿಡಿಯೊ ಡಾಕ್ಟರು. ಇವುಗಳಲ್ಲಿ ಕೆಲವು ನಿಜಕ್ಕೂ ಕೆಲಸಕ್ಕೆ ಬರುತ್ತವೆ. ಕೆಲವು ಬೇರೆ ಊರಿನ ಹವೆಗೆ ಸರಿ, ನಮ್ಮದಕ್ಕಲ್ಲ. ಇನ್ನು ಕೆಲವು ಬರೀ ಪ್ಯಾಕೆಟ್ಟಿನ ಬಣ್ಣ.

ದಾವಣಗೆರೆ, ಚಿತ್ರದುರ್ಗದ ಕಡೆ ನಾಯಿ ಸಾಕುವವರು ಎರಡು ಸಂಗತಿ ನೆನಪಿಟ್ಟು ಆರಿಸಬೇಕು. ಮಾರ್ಚಿನಿಂದ ಮೇ ತನಕ ಒಣ ಬಿಸಿಲು, 38-40 ಡಿಗ್ರಿ. ಉಣ್ಣೆಗೆ ಇಲ್ಲಿ ರಜೆಯೇ ಇಲ್ಲ, ವರ್ಷಪೂರ್ತಿ ಇರುತ್ತದೆ. ಕೇಸು ಬಿಗಡಾಯಿಸಿದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಬೆಂಗಳೂರಿಗೋ ಓಡಬೇಕಾಗುತ್ತದೆ, ಆ ಓಡಾಟದಲ್ಲೇ ಅರ್ಧ ದಿನ ಹೋಗುತ್ತದೆ. ಹಾಗಾಗಿ ನಮ್ಮ ಲೆಕ್ಕದಲ್ಲಿ ದುಡ್ಡು ಮೊದಲು ಹೋಗಬೇಕಾದ್ದು ಲಸಿಕೆಗೆ, ಆಮೇಲೆ ಉಣ್ಣೆಗೆ, ಬಿಸಿಲಿಗೆ, ಊಟಕ್ಕೆ. ಈ ನಾಲ್ಕನ್ನು ಬಿಟ್ಟು ಉಳಿದದ್ದಕ್ಕೆ ಸುರಿಯುವುದು, ಸೂರು ಸೋರುವಾಗ ಗೋಡೆಗೆ ಬಣ್ಣ ಹೊಡೆಸಿದ ಹಾಗೆ.

ಉಣ್ಣೆ: ಮಾತ್ರೆಯೋ, ಹನಿಯೋ, ಬೆಲ್ಟೋ, ಸ್ನಾನದ ಔಷಧಿಯೋ

ಮೊದಲು ಶತ್ರು ಯಾವುದು ಎಂದು ತಿಳಿಯಿರಿ. ನಮ್ಮ ಮನೆಗಳಲ್ಲಿ ಕಾಣುವುದು ಹೆಚ್ಚಾಗಿ ಕಂದು ನಾಯಿ ಉಣ್ಣೆ. ಇದು ಹೊಲ, ಕಾಡಿನದ್ದಲ್ಲ, ಮನೆಯ ಜೀವಿ. ರಕ್ತ ಹೀರಿ ಉಬ್ಬಿದ ಹೆಣ್ಣು ಉಣ್ಣೆ ನಾಯಿಯ ಮೈಯಿಂದ ಉದುರಿ ಗೋಡೆ ಹತ್ತುತ್ತದೆ. ಬಿರುಕಿನಲ್ಲಿ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ, ತಗಡಿನ ಶೆಡ್ಡಿನ ಮೂಲೆಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಕೆಲವು ನಾಲ್ಕು ಸಾವಿರದವರೆಗೂ. ಬೇಸಿಗೆಯಲ್ಲಿ ಎರಡು ತಿಂಗಳೊಳಗೆ ಮುಂದಿನ ತಲೆಮಾರು ರೆಡಿ. ನಾಯಿಯ ಮೇಲೆ ಕಾಣುವ ಹತ್ತು ಉಣ್ಣೆಯ ಹಿಂದೆ ಗೋಡೆಯಲ್ಲಿ ನೂರಾರು ಕಾದಿರುತ್ತವೆ. "ಎಷ್ಟು ಔಷಧಿ ಹಾಕಿದ್ರೂ ಮತ್ತೆ ಬರ್ತಾವೆ" ಎನ್ನುವ ಮನೆಗಳಲ್ಲಿ ಬಹುತೇಕ ತಪ್ಪು ಔಷಧಿಯದ್ದಲ್ಲ, ಗೋಡೆಯದ್ದು.

ಮಾತ್ರೆ. ಅಫಾಕ್ಸೊಲಾನರ್ (ನೆಕ್ಸ್‌ಗಾರ್ಡ್) ತಿಂಗಳಿಗೊಂದು, ಸರೊಲಾನರ್ (ಸಿಂಪ್ಯಾರಿಕಾ) 35 ದಿನಕ್ಕೊಂದು, ಫ್ಲುರಲಾನರ್ (ಬ್ರಾವೆಕ್ಟೊ) 12 ವಾರಕ್ಕೊಂದು. ಮೂರೂ ಒಂದೇ ಗುಂಪಿನವು. ಸ್ನಾನ, ಮಳೆ, ಕೆರೆ ನೀರು ಯಾವುದೂ ಇವುಗಳ ಕೆಲಸ ಕೆಡಿಸುವುದಿಲ್ಲ. ಇದೇ ದೊಡ್ಡ ಲಾಭ. ಆದರೆ ಉಣ್ಣೆ ಕಚ್ಚಿ ರಕ್ತ ಹೀರಿದ ಮೇಲೆಯೇ ಸಾಯುತ್ತದೆ. ಎರ್ಲಿಕಿಯಾ ಎನ್ನುವ ಉಣ್ಣೆ ಜ್ವರದ ಜೀವಾಣು ಕಚ್ಚಿದ ಕೆಲವೇ ಗಂಟೆಗಳಲ್ಲಿ ದಾಟಬಲ್ಲದು. ಹಾಗಾಗಿ ಮಾತ್ರೆ ಕೊಟ್ಟ ನಾಯಿಗೂ ಜ್ವರ ಬರಬಹುದು, ಸಾಧ್ಯತೆ ಮಾತ್ರ ಬಹಳ ತಗ್ಗುತ್ತದೆ. ಫ್ಲುರಲಾನರನ್ನು ಹೊಟ್ಟೆ ತುಂಬ ಊಟದ ಜೊತೆಗೇ ಕೊಡಬೇಕು. ಖಾಲಿ ಹೊಟ್ಟೆಯಲ್ಲಿ ಮೈಗೆ ಸೇರುವುದು ಕಡಿಮೆ. ಫಿಟ್ಸ್ ಬರುವ ನಾಯಿಗೆ ಈ ಗುಂಪಿನ ಮಾತ್ರೆ ಡಾಕ್ಟರನ್ನು ಕೇಳದೆ ಬೇಡ. ಈ ಬಗ್ಗೆ ಅಮೆರಿಕದ ಆಹಾರ-ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಕೆ ಕೊಟ್ಟಿದೆ. ಮರಿಗಳಿಗೆ ವಯಸ್ಸು, ತೂಕದ ಮಿತಿ ಡಬ್ಬಿಯ ಮೇಲಿರುತ್ತದೆ, ಓದಿ.

ತೂಕದಲ್ಲಿ ಅಂದಾಜು ಹಾಕುವವರೇ ಹೆಚ್ಚು. "ನೋಡಿದ್ರೆ ಹತ್ತು ಕೆಜಿ ಇರಬಹುದು" ಎಂದು ಚಿಕ್ಕ ಮಾತ್ರೆ ತಂದು ಹದಿನಾಲ್ಕು ಕೆಜಿ ನಾಯಿಗೆ ಕೊಟ್ಟರೆ ಅವಧಿ ಮುಗಿಯುವ ಮೊದಲೇ ಉಣ್ಣೆ ಹತ್ತುತ್ತದೆ. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. ಎತ್ತಲಾಗದ ನಾಯಿಯಾದರೆ ಗೊಬ್ಬರದಂಗಡಿಯ ತಕ್ಕಡಿ ಇದ್ದೇ ಇದೆ.

ಬೆನ್ನಿಗೆ ಹಾಕುವ ಹನಿ. ಫಿಪ್ರೊನಿಲ್ ಹಳೆಯದು, ಅಗ್ಗ, ಎಲ್ಲ ಕಡೆ ಸಿಗುತ್ತದೆ. ಇದು ಚರ್ಮದ ಎಣ್ಣೆಯಲ್ಲಿ ಬೆರೆತು ಮೈಯೆಲ್ಲ ಹರಡುತ್ತದೆ. ಆ ಎಣ್ಣೆಯನ್ನು ಶ್ಯಾಂಪೂ ತೊಳೆದುಬಿಟ್ಟರೆ ಹರಡಲು ಏನೂ ಉಳಿಯುವುದಿಲ್ಲ. ಹಾಕುವ ಎರಡು ದಿನ ಮೊದಲು, ಎರಡು ದಿನ ನಂತರ ಸ್ನಾನ ಬೇಡ. ಭಾನುವಾರ ಬೆಳಗ್ಗೆ ಚೆನ್ನಾಗಿ ಉಜ್ಜಿ ತೊಳೆದು, ಮಧ್ಯಾಹ್ನ ಹನಿ ಹಾಕಿ, "ಇದು ಡೂಪ್ಲಿಕೇಟ್" ಎನ್ನುವವರು ಬಹಳ ಮಂದಿ. ಭುಜಗಳ ನಡುವೆ ಕೂದಲು ಬಿಡಿಸಿ ಚರ್ಮ ಕಾಣುವಂತೆ ಮಾಡಿ, ಹನಿ ಚರ್ಮಕ್ಕೇ ಬೀಳಬೇಕು. ಕೂದಲ ಮೇಲೆ ಬಿದ್ದದ್ದು ದಂಡ. ಮನೆಯಲ್ಲಿ ಮೊಲ ಇದ್ದರೆ ಫಿಪ್ರೊನಿಲ್ ಅದರ ಹತ್ತಿರವೂ ಹೋಗಬಾರದು, ಅದಕ್ಕೆ ವಿಷ.

ಬೆಲ್ಟು. ಫ್ಲುಮೆಥ್ರಿನ್, ಇಮಿಡಾಕ್ಲೊಪ್ರಿಡ್ ಇರುವ ಬೆಲ್ಟು ಏಳೆಂಟು ತಿಂಗಳು ಬರುತ್ತದೆ. ಮಾತ್ರೆಗಿಲ್ಲದ ಗುಣ ಇದಕ್ಕಿದೆ: ಉಣ್ಣೆಯನ್ನು ಕಚ್ಚುವ ಮೊದಲೇ ದೂರ ಇಡುತ್ತದೆ. ಚನ್ನಗಿರಿ ಕಡೆ ಅಡಿಕೆ ತೋಟದಲ್ಲಿ ದಿನವಿಡೀ ಸುತ್ತುವ ನಾಯಿಗೆ ಇದೇ ಮೇಲು. ಕುತ್ತಿಗೆಗೂ ಬೆಲ್ಟಿಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗ ಬಿಡಿ. ಜಾಸ್ತಿ ಸಡಿಲವಾದರೆ ಚರ್ಮಕ್ಕೆ ತಾಗದೆ ಕೆಲಸವೇ ಆಗುವುದಿಲ್ಲ. ವಾರವಾರ ಸ್ನಾನ ಮಾಡಿಸಿದರೆ ಬಾಳಿಕೆ ಇಳಿಯುತ್ತದೆ. ಎರಡು ನಾಯಿ ಕಚ್ಚಾಡಿ ಆಡುವ ಮನೆಗೆ, ನಾಯಿಯನ್ನು ತಬ್ಬಿ ಮಲಗುವ ಪುಟ್ಟ ಮಕ್ಕಳಿರುವ ಮನೆಗೆ ಬೆಲ್ಟು ಬೇಡ. ನೂರಿನ್ನೂರಕ್ಕೆ ಸಿಗುವ "ಹರ್ಬಲ್" ಬೆಲ್ಟು ಉಣ್ಣೆಯ ಮಟ್ಟಿಗೆ ಅಲಂಕಾರ.

ಸ್ನಾನದ ಔಷಧಿ. ಅಮಿಟ್ರಾಜ್ 12.5% ದ್ರಾವಣ. ಉಣ್ಣೆಗೆ ಲೀಟರ್ ನೀರಿಗೆ 2 ಮಿಲಿ, ಕಜ್ಜಿಗೆ ಡಾಕ್ಟರು ಹೇಳಿದರೆ 4 ಮಿಲಿ. ಮೊದಲು ಸಾದಾ ಸ್ನಾನ, ಆಮೇಲೆ ಇದನ್ನು ಸ್ಪಂಜಿನಲ್ಲಿ ಮೈಗೆಲ್ಲ ಹಚ್ಚಿ ಹಾಗೇ ಆರಲು ಬಿಡಬೇಕು, ತೊಳೆಯಬಾರದು, ಆರುವ ತನಕ ನೆಕ್ಕಲು ಬಿಡಬಾರದು. ಕೈಗೆ ಗ್ಲೌಸು, ತೆರೆದ ಜಾಗ. ಕಲಸಿದ್ದನ್ನು ನಾಳೆಗೆ ಇಡಬೇಡಿ, ಅಂದಂದೇ ಮಾಡಿ. ಲೆಕ್ಕ ತಪ್ಪಿದರೆ ನಾಯಿ ತೂಕಡಿಸುತ್ತದೆ, ತೂರಾಡುತ್ತದೆ, ಎದೆಬಡಿತ ನಿಧಾನವಾಗುತ್ತದೆ. ಚಿಕ್ಕ ಮರಿಗೆ, ಸಕ್ಕರೆ ಕಾಯಿಲೆಯ ನಾಯಿಗೆ, ಬೆಕ್ಕಿಗೆ ಕೂಡದು. ನಾಲ್ಕರಲ್ಲಿ ಅತಿ ಅಗ್ಗದ್ದು ಇದೇ, ಅತಿ ಹೆಚ್ಚು ಅನಾಹುತ ಆಗುವುದೂ ಇದರಲ್ಲೇ.

ಇದರಾಚೆಗೆ ಹಳ್ಳಿಗಳಲ್ಲಿ ಐದನೆಯದೊಂದು ನಡೆಯುತ್ತದೆ: ದನಕ್ಕೆ ತಂದ ಡೆಲ್ಟಾಮೆಥ್ರಿನ್ ಎಣ್ಣೆಯನ್ನು "ಸ್ವಲ್ಪ ಮಿಕ್ಕಿದೆ" ಎಂದು ನಾಯಿಗೂ ಬಳಿಯುವುದು, ದನದ ಐವರ್ಮೆಕ್ಟಿನ್ ಇಂಜೆಕ್ಷನ್ನನ್ನು ಕಣ್ಣಳತೆಯಲ್ಲಿ ಚುಚ್ಚಿಸುವುದು. ದನದ ಔಷಧಿಯ ಸಾಂದ್ರತೆ 300-400 ಕೆಜಿ ಮೈಗೆ ಮಾಡಿದ್ದು. ಕೋಲಿ ಜಾತಿಯ ನಾಯಿಗೆ ಐವರ್ಮೆಕ್ಟಿನ್ ಮೆದುಳಿಗೇ ಏರುತ್ತದೆ. ಡೆಲ್ಟಾಮೆಥ್ರಿನ್ ಬಳಿದ ನಾಯಿಯ ಪಕ್ಕ ಮಲಗಿದ ಬೆಕ್ಕು ನಡುಗಿ ಸತ್ತರೆ ಕಾರಣ ಹುಡುಕಬೇಕಿಲ್ಲ.

ನಮ್ಮ ಆಯ್ಕೆ ಹೇಳುವುದಾದರೆ: ಮನೆಯೊಳಗೆ, ಕಾಂಪೌಂಡಿನೊಳಗೆ ಇರುವ ನಾಯಿಗೆ ಮಾತ್ರೆ. ತೋಟ, ಹೊಲಕ್ಕೆ ಹೋಗುವ ನಾಯಿಗೆ ಬೆಲ್ಟು. ಕೈ ಬಿಗಿ ಇದ್ದರೆ ಫಿಪ್ರೊನಿಲ್ ಹನಿ, ಆದರೆ ತಪ್ಪದೆ ತಿಂಗಳಿಗೊಮ್ಮೆ, ಜೊತೆಗೆ ದಿನಾ ಸಂಜೆ ಕೈಯಾಡಿಸಿ ನೋಡುವುದು: ಕಾಲ್ಬೆರಳ ಸಂದಿ, ಕಿವಿಯ ಒಳಮಡಿಕೆ, ಕಂಕುಳು, ಬಾಲದ ಬುಡ, ಬೆಲ್ಟಿನ ಕೆಳಗೆ. ಸಿಕ್ಕಿದ್ದನ್ನು ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರಕ್ಕೆ ಎಳೆದು ಸೋಪಿನ ನೀರಿಗೋ ಸ್ಪಿರಿಟ್ಟಿಗೋ ಹಾಕಿ. ಬೆರಳಲ್ಲಿ ಹಿಸುಕಬೇಡಿ, ಸೀಮೆಎಣ್ಣೆ ಸುರಿಯಬೇಡಿ, ಬೀಡಿ ತಾಗಿಸಬೇಡಿ.

ಯಾವುದನ್ನು ಆರಿಸಿದರೂ ಜಾಗದ ಕೆಲಸ ಬಿಡುವಂತಿಲ್ಲ. ನಾಯಿ ಮಲಗುವ ಗೋಣಿಚೀಲವನ್ನು ಎಸೆಯಿರಿ. ಅದರ ನೇಯ್ಗೆಯೇ ಉಣ್ಣೆಗೆ ಮನೆ. ಬದಲಿಗೆ ಹಳೆ ಬೆಡ್‌ಶೀಟು ಹಾಕಿ ವಾರಕ್ಕೊಮ್ಮೆ ಕುದಿನೀರಲ್ಲಿ ನೆನೆಸಿ. ಗೋಡೆಯ ಬಿರುಕಿಗೆ ಸಿಮೆಂಟು ತುಂಬಿ ಸುಣ್ಣ ಹೊಡೆಯಿರಿ, ಕಡಪಾ ಕಲ್ಲಿನ ಸಂದಿಯನ್ನೂ ಬಿಡಬೇಡಿ. ಉಣ್ಣೆ ಮೇಲಕ್ಕೆ ಹತ್ತುವ ಜಾತಿ, ಆದ್ದರಿಂದ ನೆಲ ಒರೆಸಿದರೆ ಸಾಲದು, ಶೆಡ್ಡಿನ ಸೂರಿನ ಮೂಲೆ ತನಕ ನೋಡಬೇಕು. ಈ ಕೆಲಸ ಒಮ್ಮೆಗೆ ಮುಗಿಯುವುದಿಲ್ಲ, ಮೂರು ತಿಂಗಳಾದರೂ ಬಿಡದೆ ಮಾಡಬೇಕು.

ನಾಯಿ ಊಟ ಬಿಟ್ಟು, ಜ್ವರ ಬಂದು, ವಸಡು ಬಿಳಿಚಿದರೆ, ಮೂಗಲ್ಲಿ ರಕ್ತ ಕಂಡರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅಂದೇ ರಕ್ತ ಪರೀಕ್ಷೆ. ಪ್ಲೇಟ್‌ಲೆಟ್ ಎಣಿಕೆ (ಆರೋಗ್ಯವಂತ ನಾಯಿಗೆ 2ರಿಂದ 5 ಲಕ್ಷ) ಮತ್ತು ಸ್ಮಿಯರ್ (ಗಾಜಿನ ಮೇಲೆ ರಕ್ತ ಸವರಿ ನೋಡುವ ಪರೀಕ್ಷೆ), ಎರಡೂ ಕೇಳಿ. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್, ಉಣ್ಣೆಯಿಂದಲೇ ಬರುವ ಇನ್ನೊಂದು ರಕ್ತದ ಸೋಂಕು ಬಬೇಸಿಯಾಗೆ ಬೇರೆಯೇ ಔಷಧಿ. ನೋಡದೆ ಚುಚ್ಚಿಸಿದರೆ ನಾಲ್ಕು ದಿನ ವ್ಯರ್ಥ. ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ. ಮೂರನೇ ದಿನಕ್ಕೇ ನಾಯಿ ಬಾಲ ಅಲ್ಲಾಡಿಸುತ್ತದೆ, ಐದನೇ ದಿನಕ್ಕೆ ಮನೆಯವರು ಮಾತ್ರೆ ನಿಲ್ಲಿಸುತ್ತಾರೆ. ಸೋಂಕು ಒಳಗೇ ಉಳಿದು ತಿಂಗಳುಗಳ ನಂತರ ಮಜ್ಜೆಗೆ ಕೈ ಹಾಕುವುದು ಹೀಗೆ.

ಊಟ: ಪ್ಯಾಕೆಟ್ಟೋ, ಮನೆ ಅಡುಗೆಯೋ, ಹಸಿ ಮಾಂಸವೋ

ಮೊದಲು ನಾಯಿಗೆ ದಿನಕ್ಕೆ ಎಷ್ಟು ಬೇಕು ನೋಡೋಣ. ಸಂತಾನಹರಣ ಮಾಡಿಸಿದ 10 ಕೆಜಿ ವಯಸ್ಕ ನಾಯಿಗೆ ಸುಮಾರು 630 ಕ್ಯಾಲರಿ, 15 ಕೆಜಿಗೆ 850, 20 ಕೆಜಿಗೆ 1,050ರ ಆಸುಪಾಸು. ತೂಕ ದುಪ್ಪಟ್ಟಾದರೆ ಊಟ ದುಪ್ಪಟ್ಟಾಗುವುದಿಲ್ಲ ಎನ್ನುವುದನ್ನು ಗಮನಿಸಿ. ದೊಡ್ಡ ನಾಯಿಗಳಿಗೆ ಬೊಜ್ಜು ಬರುವುದು ಈ ಲೆಕ್ಕ ತಪ್ಪಿಯೇ.

ಪ್ಯಾಕೆಟ್ ಆಹಾರದ ಬೆಲೆಯನ್ನು ಕೆಜಿಗೆ ಹೋಲಿಸಬೇಡಿ, ಕ್ಯಾಲರಿಗೆ ಹೋಲಿಸಿ. ಒಂದು ಚೀಲ ಕೆಜಿಗೆ 300 ರೂಪಾಯಿ, 100 ಗ್ರಾಂಗೆ 350 ಕ್ಯಾಲರಿ ಎಂದಿಟ್ಟುಕೊಳ್ಳಿ. 15 ಕೆಜಿ ನಾಯಿಗೆ ದಿನಕ್ಕೆ 243 ಗ್ರಾಂ, ಸುಮಾರು 73 ರೂಪಾಯಿ. ಇನ್ನೊಂದು ಕೆಜಿಗೆ 400, 100 ಗ್ರಾಂಗೆ 420 ಕ್ಯಾಲರಿ. ಇದು 202 ಗ್ರಾಂ ಸಾಕು, 81 ರೂಪಾಯಿ. ಕೆಜಿಗೆ ನೂರು ರೂಪಾಯಿ ವ್ಯತ್ಯಾಸ ಎಂದು ಹೆದರಿದ್ದು ದಿನಕ್ಕೆ ಎಂಟು ರೂಪಾಯಿಗೆ ಇಳಿಯಿತು, ಬೆಳಗ್ಗೆ ಎತ್ತುವ ಕಕ್ಕವೂ ಕಡಿಮೆ.

ಚೀಲದ ಮೇಲೆ "ಸಂಪೂರ್ಣ ಮತ್ತು ಸಮತೋಲಿತ" ಎಂಬರ್ಥದ ಮಾತು, ಯಾವ ವಯಸ್ಸಿಗೆ ಎನ್ನುವುದು, ತಯಾರಿಕೆ ದಿನಾಂಕ, ಬ್ಯಾಚ್ ಸಂಖ್ಯೆ ನೋಡಿ. ಪ್ರೋಟೀನು ವಯಸ್ಕ ನಾಯಿಗೆ ಒಣ ತೂಕದಲ್ಲಿ ಕನಿಷ್ಠ 18%, ಮರಿಗೆ 22.5%. ಅಂಗಡಿಯಲ್ಲಿ ದೊಡ್ಡ ಚೀಲ ಬಿಚ್ಚಿ ಲೂಸ್ ತೂಗಿ ಕೊಡುವುದನ್ನು ತರಬೇಡಿ. ಗಾಳಿ, ಸೆಕೆಗೆ ಕೊಬ್ಬು ಕನರಿ ಹೋಗಿರುತ್ತದೆ, ತಯಾರಿಕೆಯ ದಿನ ಕೇಳಿದರೆ ಹೇಳಲು ಯಾರ ಹತ್ತಿರವೂ ಇರುವುದಿಲ್ಲ. 10 ಕೆಜಿ ಚೀಲ 15 ಕೆಜಿ ನಾಯಿಗೆ ನಲವತ್ತು ದಿನ ಬರುತ್ತದೆ. ಬಿಚ್ಚಿದ ಮೇಲೆ ಆರು ವಾರದ ಗಡಿ, ಹಾಗಾಗಿ ಅದಕ್ಕಿಂತ ದೊಡ್ಡದು ಬೇಡ. ಡಬ್ಬಿಗೆ ಸುರಿಯುವ ಬದಲು ಚೀಲದ ಬಾಯಿ ಮಡಚಿ ಚೀಲ ಸಮೇತ ಡಬ್ಬಿಯೊಳಗಿಡಿ. ಏಪ್ರಿಲ್‌ನಲ್ಲಿ ಅಟ್ಟದ ಮೇಲೆ ಇಡಲೇಬೇಡಿ.

ಮನೆ ಅಡುಗೆ ತಾಜಾ, ನಾಯಿಗೆ ಇಷ್ಟ, ಪದಾರ್ಥ ನಿಮ್ಮ ಕಣ್ಣೆದುರು. ತೊಂದರೆ ಒಂದೇ: ಬರೀ ಕೋಳಿ ಅನ್ನದಲ್ಲಿ ಸುಣ್ಣದಂಶ ಇಲ್ಲ. ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಬಹಳ ಕಡಿಮೆ. ಆ ಕೊರತೆಯನ್ನು ಮೈ ತನ್ನ ಎಲುಬಿನಿಂದಲೇ ತೆಗೆದು ತುಂಬುತ್ತದೆ. ನಾಲ್ಕು ತಿಂಗಳ ಲ್ಯಾಬ್ರಡಾರ್ ಮರಿಯ ಮುಂಗಾಲು ಸೊಟ್ಟಗಾದರೆ ಮೊದಲು ಕೇಳಬೇಕಾದ ಪ್ರಶ್ನೆ ಊಟದ್ದು.

15 ಕೆಜಿ ವಯಸ್ಕ ನಾಯಿಗೆ ಒಂದು ದಿನದ ಅಳತೆ ಹೀಗಿರಬಹುದು: ಬೇಯಿಸಿದ ಮೂಳೆಯಿಲ್ಲದ ಕೋಳಿ 200 ಗ್ರಾಂ, ಅನ್ನ 200 ಗ್ರಾಂ (ಅಕ್ಕಿ ಸುಮಾರು 70 ಗ್ರಾಂ), ಬೇಯಿಸಿದ ಮೊಟ್ಟೆ 1, ಕುಂಬಳ ಅಥವಾ ಬೀನ್ಸ್ 100 ಗ್ರಾಂ, ಮೊಸರು 100 ಗ್ರಾಂ, ಎಣ್ಣೆ 1 ಟೀ ಚಮಚ. ಒಟ್ಟು 850 ಕ್ಯಾಲರಿ ಹತ್ತಿರ. ಎರಡು ಹೊತ್ತಿಗೆ ಹಂಚಿ. ಇದಕ್ಕೆ ಮೊಟ್ಟೆಸಿಪ್ಪೆ ಪುಡಿ ಅರ್ಧ ಟೀ ಚಮಚ. ಸಿಪ್ಪೆಯನ್ನು ಹತ್ತು ನಿಮಿಷ ಕುದಿಸಿ, ಬಿಸಿಲಲ್ಲಿ ಒಣಗಿಸಿ, ಮಿಕ್ಸಿಯಲ್ಲಿ ಮೈದಾ ಹಿಟ್ಟಿನಷ್ಟು ನುಣ್ಣಗೆ ಮಾಡಿ. ತರಿ ಉಳಿದರೆ ಮೈಗೆ ಹತ್ತುವುದಿಲ್ಲ. ಅರ್ಧ ಚಮಚದಲ್ಲಿ ಸುಮಾರು ಒಂದು ಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ, ಈ ತೂಕಕ್ಕೆ ಬೇಕಾದಷ್ಟು. ಇಷ್ಟಾದರೂ ಸತು, ಅಯೋಡಿನ್, ವಿಟಮಿನ್ ಡಿ, ಇ ಕೊರತೆ ಉಳಿಯುತ್ತದೆ. ನಾಯಿಗೆ ಬಿಸಿಲು ಕಾಯಿಸಿದರೆ ವಿಟಮಿನ್ ಡಿ ಬರುವುದಿಲ್ಲ, ಮನುಷ್ಯರ ಹಾಗೆ ಅದರ ಚರ್ಮ ತಯಾರಿಸದು. ಡಾಕ್ಟರನ್ನು ಕೇಳಿ ಒಂದು ಖನಿಜ-ವಿಟಮಿನ್ ಪುಡಿ ಸೇರಿಸಿ.

"ರಾಗಿ ಮುದ್ದೆ ಹಾಕ್ತೀವಲ್ಲ, ಕ್ಯಾಲ್ಸಿಯಂ ಯಾಕೆ" ಎನ್ನುವ ಮಾತು ಇಲ್ಲಿ ಸಾಮಾನ್ಯ. ಲೆಕ್ಕ ನೋಡಿ: 100 ಗ್ರಾಂ ರಾಗಿ ಹಿಟ್ಟಿನಲ್ಲಿ 350 ಮಿಲಿಗ್ರಾಂ ಆಸುಪಾಸು. ಅನ್ನದ ಬದಲು 80 ಗ್ರಾಂ ಹಿಟ್ಟಿನ ಮುದ್ದೆ ಹಾಕಿದರೆ 280 ಮಿಲಿಗ್ರಾಂ, ಅದರಲ್ಲೂ ಒಂದಷ್ಟನ್ನು ರಾಗಿಯಲ್ಲೇ ಇರುವ ಫೈಟೇಟ್ ಎಂಬ ಅಂಶ ಕಟ್ಟಿಹಾಕುತ್ತದೆ. ಬೇಕಿರುವುದು ಸಾವಿರ. ಅನ್ನದ ಜಾಗಕ್ಕೆ ರಾಗಿ ಒಳ್ಳೆಯದೇ, ಮೊಟ್ಟೆಸಿಪ್ಪೆಯ ಜಾಗಕ್ಕಲ್ಲ. ಮುದ್ದೆ ಚೆನ್ನಾಗಿ ಬೆಂದಿರಬೇಕು, ಹಸಿ ಹಿಟ್ಟು ಉಳಿದರೆ ಹೊಟ್ಟೆ ಉಬ್ಬರ.

ಮನೆಯಲ್ಲಿ ಮಾಂಸ, ಮೊಟ್ಟೆ ಒಲೆ ಹತ್ತದ ಸಂಸಾರಗಳು ನಮ್ಮಲ್ಲಿ ಸಾಕಷ್ಟಿವೆ. ಅಲ್ಲಿ ಹಾಲು-ಅನ್ನದಲ್ಲೇ ನಾಯಿ ಬೆಳೆಸಲು ಹೋಗುವುದಕ್ಕಿಂತ ಪ್ಯಾಕೆಟ್ ಆಹಾರ ಎಷ್ಟೋ ಮೇಲು. ಅದನ್ನು ಅಡುಗೆಮನೆಗೆ ತರಬೇಕಾಗಿಯೇ ಇಲ್ಲ, ಹಿತ್ತಲಲ್ಲೇ ಡಬ್ಬಿ ಇಟ್ಟುಕೊಂಡರಾಯಿತು. ವಯಸ್ಕ ನಾಯಿ ಸರಿಯಾಗಿ ಲೆಕ್ಕ ಹಾಕಿ ಮಾಡಿದ ಸಸ್ಯಾಹಾರಿ ಪ್ಯಾಕೆಟ್ ಮೇಲೆ ಬದುಕಬಲ್ಲದು. ಮರಿಗೆ ಬೇಡ. ಬೆಕ್ಕಿಗಂತೂ ಸಾಧ್ಯವೇ ಇಲ್ಲ: ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಿಗದೆ ಕಣ್ಣು, ಹೃದಯ ಎರಡೂ ಹೋಗುತ್ತವೆ.

ಹಸಿ ಮಾಂಸದ ಟ್ರೆಂಡು ಈಗ ಜೋರು. ಫ್ರೀಜರಿನಲ್ಲಿಟ್ಟರೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಸುಮ್ಮನೆ ಮಲಗಿರುತ್ತದೆ. ಮೇ ತಿಂಗಳಲ್ಲಿ ಕರೆಂಟು ಹೋಗಿ ಬಂದು ಮಾಡುವಾಗ ಏಳುತ್ತದೆ. ನಾಯಿಗೆ ಏನೂ ಆಗದಿದ್ದರೂ ಅದರ ಬಾಯಿ, ಬಟ್ಟಲು, ಕಕ್ಕದಿಂದ ಮನೆಯ ಮಕ್ಕಳು, ವಯಸ್ಸಾದವರಿಗೆ ತಗಲುತ್ತದೆ. ನಮ್ಮ ಹವೆಗೆ ಇದನ್ನು ಹೇಳುವುದಿಲ್ಲ. ಕೋಳಿ ಅಂಗಡಿಯ ತಲೆ-ಚರ್ಮ ತಂದು ಹಸಿಯಾಗಿ ಹಾಕುವುದೂ ಇದೇ ಲೆಕ್ಕ. ಅದನ್ನು ಬೇಯಿಸಿದರೆ ಮೂಳೆ ಸೀಳಾಗಿ ಕರುಳಿಗೆ ಚುಚ್ಚುತ್ತದೆ, ಮೂಳೆ ಬಿಡಿಸದೆ ಹಾಕಬೇಡಿ. ಲಿವರ್ ಅಗ್ಗ ಎಂದು ದಿನಾ ಹಾಕಿದರೆ ವಿಟಮಿನ್ ಎ ವಿಷವಾಗುತ್ತದೆ, ವಾರಕ್ಕೆರಡು ಬಾರಿ ನಾಲ್ಕೈದು ತುಂಡು ಸಾಕು.

ಧಾನ್ಯವಿಲ್ಲದ ದುಬಾರಿ ಚೀಲದ ಬಗ್ಗೆ ಎರಡು ಮಾತು. ನಾಯಿಗಳಿಗೆ ಅಲರ್ಜಿ ಹೆಚ್ಚಾಗಿ ಕೋಳಿ, ದನದ ಮಾಂಸ, ಹಾಲಿನಿಂದ; ಅಕ್ಕಿ, ಜೋಳದಿಂದ ಅಪರೂಪ. ಬಟಾಣಿ, ಬೇಳೆ ತುಂಬಿದ ಇಂಥ ಆಹಾರಕ್ಕೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ನಂಟಿದೆಯೇ ಎಂದು ಎಫ್‌ಡಿಎ 2018ರಲ್ಲಿ ತನಿಖೆ ಶುರು ಮಾಡಿತು. ಕಾರಣ ಇಂಥದ್ದೇ ಎಂದು ಸಾಬೀತಾಗಿಲ್ಲ. ಹೆಚ್ಚು ದುಡ್ಡು ಕೊಟ್ಟು ಅನುಮಾನ ತರುವ ಅಗತ್ಯ ಕಾಣುವುದಿಲ್ಲ.

ಧಾನ್ಯದ ನಿಜವಾದ ಅಪಾಯ ನಮ್ಮ ಊರಲ್ಲೇ ಇದೆ: ಬೂಸ್ಟು ಹಿಡಿದ ಮೆಕ್ಕೆಜೋಳ, ಮುಗ್ಗಿದ ಶೇಂಗಾ ಹಿಂಡಿ. ದನವೂ ಮೂಸದ್ದನ್ನು ಬೀಸಿ ನಾಯಿಗೆ ಗಂಜಿ ಕಾಯಿಸುವುದುಂಟು. ಅದರಲ್ಲಿರುವ ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷ ಕುದಿಸಿದರೂ ಹೋಗುವುದಿಲ್ಲ, ನೇರ ಯಕೃತ್ತಿಗೆ ಹೊಡೆತ. ವಾಂತಿ, ಮಂಕು, ಆಮೇಲೆ ವಸಡು ಹಳದಿ. ಇನ್ನು ಬೆಣ್ಣೆ ದೋಸೆಯ ಚೂರು, ಈರುಳ್ಳಿ ಬಿದ್ದ ಪಲ್ಯ, ಖಾರ ಮಂಡಕ್ಕಿ, ದ್ರಾಕ್ಷಿ ಹಾಕಿದ ಪಾಯಸ. ಬೆಣ್ಣೆ ಮೇದೋಜೀರಕವನ್ನು ಕೆರಳಿಸುತ್ತದೆ, ಈರುಳ್ಳಿ-ಬೆಳ್ಳುಳ್ಳಿ ರಕ್ತದ ಕೆಂಪು ಕಣ ಒಡೆಯುತ್ತದೆ, ದ್ರಾಕ್ಷಿ ಕಿಡ್ನಿಗೆ ಕುತ್ತು. ಹಬ್ಬದ ಮಾರನೇ ದಿನ ವಾಂತಿ ಮಾಡುವ ನಾಯಿಗೆ ಏನು ತಿನ್ನಿಸಿದಿರಿ ಎಂಬುದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ಬಿಸಿಲು: ಕೂಲರು, ಜೆಲ್ ಹಾಸಿಗೆ, ಒದ್ದೆ ಅಂಗಿ

ನೀರು ಆವಿಯಾಗುವಾಗ ತಂಪಾಗುವ ತತ್ವದ ಮೇಲೆ ನಡೆಯುವ ಎಲ್ಲವೂ ನಮ್ಮ ಒಣ ಬೇಸಿಗೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ, ಕರಾವಳಿಯಲ್ಲಿ ಮಾಡುವುದಿಲ್ಲ. ಹಾಗಾಗಿ ಮಾರ್ಚ್-ಮೇನಲ್ಲಿ ಸಾಧಾರಣ ನೀರಿನ ಕೂಲರು, ಎದುರು ಕಿಟಕಿ ತೆರೆದಿಟ್ಟರೆ, ನಾಯಿಗೆ ಸಾಕು. ಒದ್ದೆ ಮಾಡಿ ತೊಡಿಸುವ ತಂಪು ಅಂಗಿಯೂ ಸರಿ, ಆದರೆ ಒಣಗಿದ ಕೂಡಲೇ ಮತ್ತೆ ನೆನೆಸಬೇಕು. ಒಣಗಿದ ಅಂಗಿ ಕಂಬಳಿಯೇ. ಜೂನ್ ಕಳೆದ ಮೇಲೆ ಎರಡನ್ನೂ ಎತ್ತಿಡಿ. ಜೆಲ್ ಹಾಸಿಗೆ ನಾಯಿಯ ಮೈಶಾಖವನ್ನೇ ಹೀರಿಕೊಂಡು ಸ್ವಲ್ಪ ಹೊತ್ತಿಗೆ ಬೆಚ್ಚಗಾಗುತ್ತದೆ. ಕಚ್ಚಿ ಹರಿಯುವ ನಾಯಿಗೆ ಅದು ಬೇಡವೇ ಬೇಡ. ಅದೇ ದುಡ್ಡಿಗೆ ಎರಡು ಅಗಲ ಬಾಯಿಯ ಮಣ್ಣಿನ ಪಾತ್ರೆ, ಶೆಡ್ಡಿನ ತಗಡಿನ ಮೇಲೆ ತೆಂಗಿನ ಗರಿ ಹೊದಿಕೆ ಹೆಚ್ಚು ತಂಪು ಕೊಡುತ್ತದೆ. ಪಗ್, ಬುಲ್‌ಡಾಗ್ ತರಹದ ಚಪ್ಪಟೆ ಮೂತಿಯವಕ್ಕೆ ಮಾತ್ರ ಕೂಲರು ಸಾಲದ ದಿನಗಳು ಬರುತ್ತವೆ, ಎ.ಸಿ. ಕೋಣೆ ಇದ್ದರೆ ಒಳ್ಳೆಯದು. ಹಸ್ಕಿಯನ್ನು ಇಲ್ಲಿಗೆ ತರುವುದೇ ಬೇಡ ಎಂಬುದು ನಮ್ಮ ಖಡಾಖಂಡಿತ ಅಭಿಪ್ರಾಯ.

ತಂದಾಗಿದ್ದರೆ, ಸೆಕೆ ಎಂದು ಅದರ ಕೂದಲು ಬೋಳಿಸಬೇಡಿ. ಎರಡು ಪದರದ ಕೂದಲು ಬಿಸಿಲನ್ನೂ ತಡೆಯುತ್ತದೆ, ಬೋಳಿಸಿದ್ದು ಮತ್ತೆ ಸರಿಯಾಗಿ ಬರದೆ ಹೋಗಬಹುದು. ಒಳಪದರದ ಉದುರು ಕೂದಲನ್ನು ಬಾಚಿ ತೆಗೆದರೆ ಗಾಳಿ ಆಡುತ್ತದೆ.

ವಾಕಿಂಗ್ ಬೆಳಗ್ಗೆ ಏಳರೊಳಗೆ. ಕುಂದುವಾಡ ಕೆರೆ ದಂಡೆಯಲ್ಲಿ ಆ ಹೊತ್ತಿಗೆ ಹಿತ. ಚಿತ್ರದುರ್ಗದವರಿಗೆ ಸಂಜೆ ಮೋಸ ಮಾಡುತ್ತದೆ: ಸೂರ್ಯ ಮುಳುಗಿದರೂ ಬಂಡೆ ತಣಿಯಲು ಹೊತ್ತು ಬೇಕು. ಅಂಗೈ ಹಿಂಭಾಗವನ್ನು ನೆಲಕ್ಕೆ ಏಳು ಸೆಕೆಂಡ್ ಒತ್ತಿ ಹಿಡಿಯಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು.

ನಾಯಿಯ ಮೈಶಾಖ ಸಹಜವಾಗಿ 101ರಿಂದ 102.5 ಫ್ಯಾರನ್‌ಹೀಟ್. ವಿಪರೀತ ಏದುಸಿರು, ಗಟ್ಟಿ ಜೊಲ್ಲು, ವಸಡು ಕಡುಗೆಂಪು, ತೂರಾಟ ಕಂಡು 105 ದಾಟಿದ್ದರೆ ಮೊದಲು ತಣಿಸಿ, ಆಮೇಲೆ ಆಸ್ಪತ್ರೆಗೆ ಹೊರಡಿ. ನಲ್ಲಿ ನೀರು ಮೈಮೇಲೆ ಸುರಿಯುತ್ತಾ ಫ್ಯಾನು ಹಾಕಿ. ಒದ್ದೆ ಟವಲು ಸುತ್ತಿ ಬಿಟ್ಟರೆ ಅದೇ ಶಾಖ ಹಿಡಿದಿಡುತ್ತದೆ. ಒದ್ದೆ ಮೈಯಲ್ಲೇ ಆಟೋದಲ್ಲಿ ಕೂರಿಸಿ, ಬೀಸುವ ಗಾಳಿಯೂ ಔಷಧಿಯೇ. 103ಕ್ಕೆ ಇಳಿದಾಗ ನೀರು ನಿಲ್ಲಿಸಿ. ಜ್ವರ ಎಂದು ತಿಳಿದು ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆ, ಕಿಡ್ನಿಗೆ ವಿಷ, ಬೆಕ್ಕಿಗೆ ಒಂದೇ ಪ್ಯಾರಾಸಿಟಮಾಲ್ ಮಾತ್ರೆ ಸಾವು ತರಬಲ್ಲದು.

ಲಸಿಕೆ: ಸರ್ಕಾರಿ ಪಶು ಆಸ್ಪತ್ರೆಯೋ, ಖಾಸಗಿ ಕ್ಲಿನಿಕ್ಕೋ

ರೇಬಿಸ್ ಲಸಿಕೆಗೆ ಸರ್ಕಾರಿ ಆಸ್ಪತ್ರೆ ಧಾರಾಳವಾಗಿ ಸಾಕು. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಸುತ್ತ ಉಚಿತ ಶಿಬಿರ ನಡೆಯುವುದೂ ಉಂಟು. ಮರಿಗಳ ಜೀವ ತೆಗೆಯುವ ವೈರಸ್ ರೋಗಗಳಾದ ಪಾರ್ವೊ, ಡಿಸ್ಟೆಂಪರ್ ಸೇರಿದ ಬಹುರೋಗ ಲಸಿಕೆಗೆ ಖಾಸಗಿ ಕ್ಲಿನಿಕ್ಕು ಸಲೀಸು. ಎಲ್ಲೇ ಹಾಕಿಸಿ, ನೋಡಬೇಕಾದ್ದು ಫ್ರಿಜ್ಜು. ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು. ಮೆಡಿಕಲ್ ಶಾಪಿನಲ್ಲಿ ಕೊಂಡು ಅಂಗಿ ಜೇಬಲ್ಲಿಟ್ಟು ಏಪ್ರಿಲ್ ಬಿಸಿಲಲ್ಲಿ ಬೈಕಿನಲ್ಲಿ ಒಯ್ದರೆ ಚುಚ್ಚಿಸುವುದು ಬರೀ ನೀರು. ಐಸ್ ಪ್ಯಾಕ್ ಕೇಳಿ ತನ್ನಿ. ಬಾಟಲಿಯ ಸ್ಟಿಕ್ಕರನ್ನು ಕಾರ್ಡಿಗೆ ಅಂಟಿಸಿಸಿಕೊಳ್ಳಿ.

ಮರಿಗೆ ಮೊದಲ ಡೋಸು 6-8 ವಾರಕ್ಕೆ, ಅಲ್ಲಿಂದ 2-4 ವಾರಕ್ಕೊಂದು, 16 ವಾರ ತುಂಬಿದ ಮೇಲೆ ಕೊನೆಯದು. ಈ ಕೊನೆಯದನ್ನೇ ಜನ ಬಿಡುತ್ತಾರೆ. ತಾಯಿಹಾಲಿನಿಂದ ಬಂದ ರಕ್ಷಣೆ ಮೊದಲ ಡೋಸುಗಳನ್ನು ತಾನೇ ನಿಷ್ಫಲ ಮಾಡಬಲ್ಲದು. ಅದು ಕರಗಿದ ಮೇಲೆ ಬೀಳುವ ಡೋಸೇ ನಿಲ್ಲುವುದು. "ಎರಡು ಹಾಕ್ಸಿದ್ವಿ, ಆದ್ರೂ ಪಾರ್ವೊ ಬಂತು" ಎನ್ನುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ. ರೇಬಿಸ್ 12 ವಾರಕ್ಕೆ, ಮೂರು-ನಾಲ್ಕು ವಾರ ಬಿಟ್ಟು ಬೂಸ್ಟರು, ಆಮೇಲೆ ವರ್ಷಕ್ಕೊಮ್ಮೆ. ಪಾರ್ವೊದಿಂದ ಮರಿ ಸತ್ತ ಅಂಗಳಕ್ಕೆ ಫಿನಾಯಿಲ್ ಸಾಲದು. ಬ್ಲೀಚ್ ಒಂದು ಭಾಗಕ್ಕೆ ನೀರು 30 ಭಾಗ ಬೆರೆಸಿ, ಕೊಳೆ ತೊಳೆದ ಮೇಲೆ ಸುರಿದು ಹತ್ತು ನಿಮಿಷ ಬಿಡಬೇಕು. ಮಣ್ಣಿನ ನೆಲದಲ್ಲಿ ಆ ವೈರಸ್ಸು ವರ್ಷದಾಚೆಗೂ ಬದುಕುತ್ತದೆ, ಹೊಸ ಮರಿ ತರುವುದಿದ್ದರೆ ಲಸಿಕೆ ಪೂರ್ತಿಯಾದದ್ದನ್ನೇ ತನ್ನಿ.

ಉಳಿದವು

ಸ್ನಾನ ಮೂರು-ನಾಲ್ಕು ವಾರಕ್ಕೊಮ್ಮೆ ಸಾಕು, ನಾಯಿಯದ್ದೇ ಶ್ಯಾಂಪೂ. ನಮ್ಮ ಬೋರ್ ನೀರು ಗಡಸು, ಸೋಪಿನಂಶ ಕೂದಲ ಬುಡದಲ್ಲಿ ಕೂತು ತುರಿಕೆ ತರುತ್ತದೆ. ಹಚ್ಚಿದ್ದಕ್ಕಿಂತ ಎರಡರಷ್ಟು ಹೊತ್ತು ತೊಳೆಯಿರಿ. ಕಡೆಯ ಎರಡು ಮಗ್ ಮಳೆನೀರೋ ನಲ್ಲಿ ನೀರೋ ಆದರೆ ಉತ್ತಮ. ಪ್ರೊಬಯಾಟಿಕ್ ಪುಡಿ ಬೇಧಿಯಾದಾಗ ಡಾಕ್ಟರು ಬರೆದರೆ ಸರಿ, ದಿನಾ ಹಾಕುವ ಅಗತ್ಯವಿಲ್ಲ. ಹಲ್ಲಿಗೆ ಅಗಿಯುವ ಕಡ್ಡಿಗಿಂತ ಬ್ರಷ್ಷು ಮೇಲು, ಮನುಷ್ಯರ ಪೇಸ್ಟು ಬೇಡ. ಜಿಪಿಎಸ್ ಬೆಲ್ಟು ತೋಟದ ಮನೆಯವರಿಗೆ ಉಪಯೋಗ, ಮೊದಲು ಅಲ್ಲಿ ಮೊಬೈಲ್ ಸಿಗ್ನಲ್ ಇದೆಯೇ ನೋಡಿ. ಸಿಗ್ನಲ್ ಇಲ್ಲದ ಕಡೆ ಅದು ಕುತ್ತಿಗೆಯ ಭಾರ. ಫೋನ್ ನಂಬರು ಕೆತ್ತಿಸಿದ ಹಿತ್ತಾಳೆ ಬಿಲ್ಲೆಗೆ ಯಾವ ಸಿಗ್ನಲ್ಲೂ ಬೇಡ.

ವಿಮೆ ತೆಗೆದುಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಿ: ಉಣ್ಣೆ ಜ್ವರಕ್ಕೆ ಹಣ ಬರುತ್ತದೆಯೇ, ಕಾಯುವ ಅವಧಿ ಎಷ್ಟು ದಿನ, ನಮ್ಮ ಊರಿನ ಡಾಕ್ಟರ ಬಿಲ್ಲು ನಡೆಯುತ್ತದೆಯೇ. ಲಸಿಕೆ, ಉಣ್ಣೆ ಔಷಧಿ, ಮೊದಲೇ ಇದ್ದ ಕಾಯಿಲೆ ಸಾಮಾನ್ಯವಾಗಿ ಸೇರುವುದಿಲ್ಲ. ಬೀದಿಯಿಂದ ತಂದು ಸಾಕಿದ ಗಟ್ಟಿ ಮೈಯ ನಾಯಿಗೆ ಪ್ರೀಮಿಯಂ ಕಟ್ಟುವ ಬದಲು ತಿಂಗಳಿಗೆ 500 ರೂಪಾಯಿ ಬ್ಯಾಂಕ್ ಖಾತೆಯಲ್ಲಿ ಕೂಡಿಟ್ಟರೆ ವರ್ಷಕ್ಕೆ ಆರು ಸಾವಿರ ಕೈಯಲ್ಲಿರುತ್ತದೆ. ಸೊಂಟದ ಕೀಲಿನ ತೊಂದರೆಗೆ ಹೆಸರಾದ ದೊಡ್ಡ ಜಾತಿಯ ಮರಿಯಾದರೆ ಮಾತ್ರ, ಚಿಕ್ಕಂದಿನಲ್ಲೇ ವಿಮೆ ಮಾಡಿಸುವುದರಲ್ಲಿ ಅರ್ಥವಿದೆ.

ವಿಡಿಯೊ ಡಾಕ್ಟರು ಊಟದ ಅಳತೆ, ಹಳೆ ಚರ್ಮದ ತೊಂದರೆ, ಬೊಗಳಾಟ, ಎರಡನೇ ಅಭಿಪ್ರಾಯ ಇವಕ್ಕೆ ಒಳ್ಳೆಯದು. ಬೆಂಗಳೂರಿನ ತನಕ ಹೋಗುವ ಖರ್ಚು ಉಳಿಯುತ್ತದೆ. ಮೂತ್ರ ಕಟ್ಟಿದ್ದು, ಹೊಟ್ಟೆ ಉಬ್ಬಿ ವಾಂತಿ ಬಾರದೆ ಓಕರಿಸುವುದು, ಮೂಗಿನ ರಕ್ತ, ಫಿಟ್ಸು, ಹಾವು ಕಡಿತ ಇವಕ್ಕೆ ಫೋನು ಹಿಡಿದು ಕೂರಬೇಡಿ, ಹತ್ತಿರದ ಆಸ್ಪತ್ರೆಗೆ ಹೊರಡಿ. ಹೊರಡುವಾಗ ಲಸಿಕೆ ಕಾರ್ಡು, ಕೊನೆಯ ಉಣ್ಣೆ ಮಾತ್ರೆಯ ಡಬ್ಬಿ, ನಾಯಿಯ ತೂಕ ಬರೆದ ಚೀಟಿ ಜೊತೆಗಿರಲಿ. ವಾಂತಿಯೋ ಮೂತ್ರವೋ ಬಣ್ಣಗೆಟ್ಟಿದ್ದರೆ ಮೊಬೈಲಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ನೆಲ ತೊಳೆಯುವ ಮುಂಚೆ.